ಮಾತು ಬಾರದ ಮಗುವಿನ ಸಾಕ್ಷ್ಯ



‘ಮೂಕ ಮಗು ಕೋರ್ಟಿನಲ್ಲಿ ಏನು ಹೇಳೀತು? ಬುದ್ಧಿ ಬಲಿಯದ ಕೂಸಿನ ಮಾತಿಗೆ ಬೆಲೆಯೆಲ್ಲಿ?’ ಎಂದು ನಮ್ಮ ಹುಬ್ಬಳ್ಳಿ-ಧಾರವಾಡದ ವಿದ್ಯಾವಂತರೂ ಕೇಳುವುದುಂಟು. ವಿವೇಕದಂತೆ ತೋರುವ ಈ ಮಾತು ವಸ್ತುತಃ ಅನ್ಯಾಯದ ಪಕ್ಷಪಾತಿಯಾದುದು. ದೂರು ಹೇಳಲಾರದವರನ್ನೇ ದುಷ್ಟನು ಹುಡುಕುತ್ತಾನೆ. ಅವರ ಸಾಕ್ಷ್ಯವನ್ನು ತಳ್ಳಿಹಾಕುವ ಸಮಾಜವು ಅವನಿಗೆ ಅಭಯಪತ್ರ ಬರೆದುಕೊಟ್ಟಂತೆಯೇ ಸರಿ.

ಶಾಸನವು ಈ ಸಂದೇಹವನ್ನು ಎಂದೋ ಪರಿಹರಿಸಿದೆ. ಮಾತನಾಡಲಾರದವನು ಬರೆದೋ ಸನ್ನೆಯಿಂದಲೋ ಸಾಕ್ಷಿ ನುಡಿಯಬಹುದೆಂದು 1872ರ ಸಾಕ್ಷ್ಯ ಅಧಿನಿಯಮವೇ ಒಪ್ಪಿತ್ತು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಕೀಲರ ಪ್ರಶ್ನೆ ನ್ಯಾಯಾಧೀಶರ ಮುಖಾಂತರವೇ ಮಗುವನ್ನು ತಲುಪಬೇಕು; ಸಾಕ್ಷ್ಯದ ವೇಳೆ ಆರೋಪಿಯು ಮಗುವಿನ ಕಣ್ಣೆದುರು ಇರಕೂಡದು; ವಿಕಲಚೇತನ ಮಗುವಿನ ಸಾಕ್ಷ್ಯಕ್ಕೆ ವಿಶೇಷ ಶಿಕ್ಷಕರ, ಇಲ್ಲವೆ ಅದರ ಸಂವಹನದ ರೀತಿಯನ್ನು ಬಲ್ಲವರ ನೆರವನ್ನು ನ್ಯಾಯಾಲಯವು ಪಡೆಯಬಹುದು. ವಿಕಲಚೇತನರ ಸಾಕ್ಷ್ಯ ಕೀಳಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಅಂಧ ಮಹಿಳೆಯೊಬ್ಬಳ ಪ್ರಕರಣದಲ್ಲಿ ಸಾರಿತು. ದುರ್ಬಲ ಸಾಕ್ಷಿಗಳ ಹೇಳಿಕೆಗಾಗಿ ಪ್ರತಿ ಜಿಲ್ಲೆಯಲ್ಲಿಯೂ ಪ್ರತ್ಯೇಕ ಕೇಂದ್ರವಿರಬೇಕೆಂದು 2022ರಲ್ಲಿ ಆದೇಶಿಸಿತು.

ಇದರಿಂದ ಆರೋಪಿಯ ಹಕ್ಕಿಗೆ ಚ್ಯುತಿಯೆಂದು ಕೆಲವರ ಆಕ್ಷೇಪ. ಚ್ಯುತಿ ಎಲ್ಲಿದೆ? ಉಚಿತವಾದ ಪ್ರಶ್ನೆಯನ್ನು ಕೇಳುವ ಅವಕಾಶ ಹಾಗೆಯೇ ಉಳಿದಿದೆ. ಗದರಿಕೆಗೆ ಮಾತ್ರ ಎಡೆಯಿಲ್ಲ. ಹೆದರಿಸಿ ಹೊರಡಿಸಿದ ಉತ್ತರದಿಂದ ಸತ್ಯವು ಆರೋಪಿಗೂ ದೊರೆಯದು.

ಆದರೆ ಪರದೆ ಕಟ್ಟಿದ ಮಾತ್ರಕ್ಕೆ ನ್ಯಾಯ ಸಿದ್ಧಿಸದು. ಶಾಲೆಯನ್ನೇ ಕಾಣದ ಹಳ್ಳಿಯ ಕಿವುಡ ಬಾಲಕಿಯ ಸನ್ನೆಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಅವಳನ್ನು ಬಲ್ಲವರಿಗಷ್ಟೇ ಅವು ತಿಳಿದಾವು. ಆದುದರಿಂದ ಬೇಕಾದುದು ಕಟ್ಟಡಕ್ಕಿಂತ ಮಿಗಿಲಾಗಿ ಜನ. ಹೈಕೋರ್ಟಿನ ಪೀಠ ಧಾರವಾಡದಲ್ಲಿದೆ, ರಾಜ್ಯ ಕಾನೂನು ವಿಶ್ವವಿದ್ಯಾಲಯ ನವನಗರದಲ್ಲಿದೆ. ಇಷ್ಟಿದ್ದೂ ಜನರ ಕೊರತೆಯಾದರೆ ಅದು ಮನಸ್ಸಿನ ಬಡತನ. ಮಠದ ಪ್ರಸಾದವುಂಡು ವಕೀಲರಾದವರೇ, ಶಿಕ್ಷಕರಾದವರೇ, ಇದು ನಿಮ್ಮ ಕಾಯಕವಲ್ಲವೆ? ಮಕ್ಕಳಿಗೂ ವಿಕಲಚೇತನರಿಗೂ ಉಚಿತ ಕಾನೂನು ನೆರವನ್ನು 1987ರ ಕಾಯ್ದೆಯೇ ಕೊಟ್ಟಿದೆಯೆಂಬುದನ್ನಾದರೂ ಬಡ ತಾಯಿಗೆ ತಿಳಿಸಿರಿ.

ಕೊನೆಯದಾಗಿ ಒಂದು ಕಟುಸತ್ಯ. ‘ಮನೆತನದ ಮರ್ಯಾದೆ’, ‘ಸಂಸ್ಥೆಯ ಗೌರವ’ ಎಂದು ಮಗುವಿನ ಬಾಯಿ ಮುಚ್ಚಿಸುವವರು ಹೊರಗಿನವರಲ್ಲ, ನಾವೇ. ತಿಳಿದೂ ದೂರು ಕೊಡದಿರುವುದು ಪೋಕ್ಸೊ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಮಠಕ್ಕೂ ಶಾಲೆಗೂ ಇದರಲ್ಲಿ ವಿನಾಯಿತಿಯಿಲ್ಲ. ಮಗುವಿನ ಮೌನದ ಮೇಲೆ ನಿಂತ ಗೌರವ ಗೌರವವೇ ಅಲ್ಲ.