ಡೇರೆಗಳ ಕೆಳಗೆ ಮನೆಗಳಿವೆ

ಶನಿವಾರ ಸಂಜೆ ಗುಡ್ಡದ ಮೇಲೆ ಡೇರೆಗಳೇಳುತ್ತವೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅತಿಥಿಗಳು ಬೆಟ್ಟ ಇಳಿದಿರುತ್ತಾರೆ. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ತೋಟದಂಚುಗಳಲ್ಲಿ ಇದೀಗ ವಾಡಿಕೆಯ ನೋಟ. ಈ ಕುರಿತ ನಮ್ಮ ಚರ್ಚೆಗಳೆಲ್ಲ ಪ್ಲಾಸ್ಟಿಕ್, ಬಾಟಲಿ ಮತ್ತು ಧ್ವನಿವರ್ಧಕಗಳಿಗೇ ಮುಗಿದುಹೋಗುತ್ತಿವೆ. ಕಣ್ಣಿಗೆ ಕಾಣುವ ಕಸವನ್ನು ಯಾರಾದರೂ ಹೆಕ್ಕಿಯಾರು. ಶೌಚದ ಮಾತೆತ್ತಲು ಮಾತ್ರ ಎಲ್ಲರಿಗೂ ಸಂಕೋಚ.

ಮಲೆನಾಡಿನ ಅನೇಕ ಮನೆಗಳು ಇಂದಿಗೂ ಅಬ್ಬಿ ನೀರನ್ನೇ ನಂಬಿವೆ. ಹಿಂದೆ ಅಡಿಕೆ ದಬ್ಬೆಯಲ್ಲಿ, ಈಗ ಕಪ್ಪು ಪೈಪಿನಲ್ಲಿ, ಗುಡ್ಡದ ಒರತೆ ನೇರವಾಗಿ ಅಡುಗೆಮನೆಗೆ ಇಳಿಯುತ್ತದೆ. ನಡುವೆ ಯಾವ ಶುದ್ಧೀಕರಣ ಘಟಕವೂ ಇಲ್ಲ. ಶೋಧಿಸುವ ಕೆಲಸವನ್ನು ಮಣ್ಣೇ ಮಾಡುತ್ತ ಬಂದಿದೆ.

ಮಣ್ಣಿನ ಈ ಶಕ್ತಿಗೆ ಮಿತಿಯಿದೆ. ಬೇಸಿಗೆಯಲ್ಲಿ ಮಣ್ಣಿನ ರಂಧ್ರಗಳಲ್ಲಿ ಗಾಳಿಯಿರುತ್ತದೆ. ಇಂಗುಗುಂಡಿಯಿಂದ ಹೊರಟ ನೀರು ನಿಧಾನವಾಗಿ ಜಾರುತ್ತದೆ. ರೋಗಾಣುಗಳು ಮಣ್ಣಿನ ಕಣಗಳಿಗೆ ಅಂಟಿ, ಕಾಲ ಕಳೆದಂತೆ ಸಾಯುತ್ತವೆ. ಮಳೆಗಾಲದ ಲೆಕ್ಕವೇ ಬೇರೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗೂ ಹೆಚ್ಚು. ಇಂತಹ ಸೀಮೆಯಲ್ಲಿ ಮಣ್ಣು ಪೂರ್ತಿ ನೀರುಂಡು, ಅಂತರ್ಜಲ ಮೇಲೇರಿ ಗುಂಡಿಯ ತಳವನ್ನೇ ಮುಟ್ಟುತ್ತದೆ. ಜಂಬಿಟ್ಟಿಗೆಯ ನೆಲವಾದರಂತೂ ಕಲ್ಲಿನೊಳಗಿನ ಬಿಲಗಳೇ ಕಾಲುವೆಗಳು. ಮಾರ್ಚ್‌ನಲ್ಲಿ ತೋಡಿದಾಗ ಒಣಗಿ ನಿರಪಾಯವೆನಿಸಿದ ಗುಂಡಿ ಜುಲೈಯಲ್ಲಿ ಒರತೆಯೊಡನೆ ಕೂಡಿಕೊಳ್ಳುತ್ತದೆ. ಮಳೆ, ಮಂಜು ನೋಡಲೆಂದು ಪಟ್ಟಣಿಗರು ಬರುವ ಕಾಲವೂ ಅದೇ. ವಿಷಮಶೀತಜ್ವರ, ಕಾಮಾಲೆ, ಭೇದಿಗಳು ಇಳಿಜಾರಿನಲ್ಲಿ ಇಳಿಯಲು ಇನ್ನೇನು ಬೇಕು?

ನಿಯಮಗಳಿಲ್ಲವೆಂದಲ್ಲ. ಭಾರತೀಯ ಮಾನಕ ಸಂಸ್ಥೆಯ ಐಎಸ್ 2470 ಸಂಹಿತೆಯ ಪ್ರಕಾರ ಇಂಗುಗುಂಡಿಯು ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್ ದೂರವಿರಬೇಕು. ಅಬ್ಬಿಯ ಮೇಲ್ಭಾಗದ ಕಡಿದಾದ ಇಳಿಜಾರಿಗೆ ಈ ಅಳತೆ ಸಾಲದೆಂಬುದು ನಮ್ಮ ಅಭಿಪ್ರಾಯ. ಅಮೆರಿಕದ ಚಾರಣಿಗರ ನೀತಿಸಂಹಿತೆಯೇ ಬಯಲುಶೌಚಕ್ಕೆ ನೀರಿನಿಂದ 200 ಅಡಿ ದೂರವನ್ನು ವಿಧಿಸುತ್ತದೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆ ನೆರೆದ ಮೇಲೆ ನಮ್ಮ ಅರಣ್ಯ ಇಲಾಖೆ ಚಾರಣವನ್ನು ಕೆಲಕಾಲ ನಿಲ್ಲಿಸಿ, ಆನ್‌ಲೈನ್ ನೋಂದಣಿಯ ವ್ಯವಸ್ಥೆ ತಂದಿತು. ಅದು ತಲೆ ಎಣಿಸುವ ನಿಯಮ. ಖಾಸಗಿ ಜಮೀನಿನ ಡೇರೆಗಳ ಶೌಚಗುಂಡಿಯನ್ನು ಅಳೆಯುವವರು ಯಾರು?

ಮಂಗನ ಕಾಯಿಲೆಯನ್ನೂ ಇಲ್ಲಿ ನೆನೆಯಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಈ ರೋಗ ಉಣ್ಣೆಗಳಿಂದ ಹರಡುವಂಥದು, ಡಿಸೆಂಬರಿನಿಂದ ಮೇ ತನಕ ಹೆಚ್ಚು. ಒಣ ಬಿಡಾರದ ಹಂಗಾಮೂ ಅದೇ. ತರಗೆಲೆಯ ಮೇಲೆ ಡೇರೆ ಹೂಡಿ ಮಲಗುವ ಅತಿಥಿಗೆ ಇದನ್ನು ತಿಳಿಸುವುದು ಆತಿಥೇಯನ ಕರ್ತವ್ಯ.

ಕಾಫಿ, ಮೆಣಸು, ಅಡಿಕೆಯ ಬೆಲೆಯನ್ನು ನೆಚ್ಚಿ ಕೂರಲಾಗದ ಕಾಲದಲ್ಲಿ ಡೇರೆ ಹೂಡಿದವರಲ್ಲಿ ನಮ್ಮವರೇ ಬಹಳ. ಅವರ ಅನ್ನಕ್ಕೆ ಕಲ್ಲು ಹಾಕುವುದು ನಮ್ಮ ಉದ್ದೇಶವಲ್ಲ. ಆದರೆ 1993ರ ಪಂಚಾಯತ್ ರಾಜ್ ಕಾಯಿದೆ ಕುಡಿಯುವ ನೀರು ಮತ್ತು ನೈರ್ಮಲ್ಯದ ಹೊಣೆಯನ್ನು ಗ್ರಾಮ ಪಂಚಾಯಿತಿಗೂ ವಹಿಸಿದೆ. ಬಿಡಾರಕ್ಕೆ ಒಪ್ಪಿಗೆ ಕೊಡುವ ಮುನ್ನ ಶೌಚಗುಂಡಿ ಎಲ್ಲಿದೆ, ಅದರ ಕೆಳಗೆ ಯಾರ ಅಬ್ಬಿಯಿದೆ, ಮಳೆಗಾಲದಲ್ಲಿ ಅಲ್ಲಿ ಜಲ ಎಷ್ಟು ಮೇಲೇರುತ್ತದೆ ಎಂಬುದನ್ನು ಸ್ಥಳದಲ್ಲೇ ನಿಂತು ನೋಡಬೇಕು. ಜಲ ಮೇಲೇಳುವ ಜಾಗದಲ್ಲಿ ಗುಂಡಿ ಬೇಡ. ಮುಚ್ಚಿದ ತೊಟ್ಟಿ ಕಟ್ಟಿಸಿ, ತುಂಬಿದಾಗ ಬೇರೆಡೆಗೆ ಸಾಗಿಸಲಿ. ವೆಚ್ಚ ಹೆಚ್ಚೇ ಸರಿ. ಅದನ್ನು ಅತಿಥಿಯ ಬಾಡಿಗೆಯಲ್ಲಿ ಸೇರಿಸಬಹುದು, ಕೆಳಮನೆಯವರ ಔಷಧದ ಖರ್ಚಿಗೆ ಸೇರಿಸಲಾಗದು.

ವಿದ್ಯಾರ್ಥಿ ಮಿತ್ರರಿಗೊಂದು ಕೆಲಸವಿದೆ. ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಸಣ್ಣ ಬಾಟಲಿಗಳನ್ನು ಪಂಚಾಯಿತಿಯಲ್ಲಿ ಕೇಳಿ ಪಡೆಯಿರಿ. ಅಬ್ಬಿ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಟ್ಟಾಗ ಕಪ್ಪಾದರೆ ಮಲದ ಸೋಂಕಿನ ಶಂಕೆಯಿದೆ. ಮಳೆ ಹಿಡಿಯುವ ಮುನ್ನ ಒಮ್ಮೆ, ಮೊದಲ ಜಡಿಮಳೆಯ ಬಳಿಕ ಇನ್ನೊಮ್ಮೆ ನೋಡಿ, ದಿನಾಂಕದೊಡನೆ ಬರೆದಿಡಿ. ಕಪ್ಪಾದ ಬಾಟಲಿಯನ್ನು ಗ್ರಾಮಸಭೆಗೆ ತನ್ನಿ. ಅಲ್ಲಿಯವರೆಗೆ ಆ ಮನೆಯವರು ನೀರನ್ನು ಕುದಿಸಿಯೇ ಕುಡಿಯಲಿ.