ಶನಿವಾರವಾಡೆಯ ಜಗಳ, ಮಧುಗಿರಿಯ ಬೆಲೆ

ಹೊರನಾಡಿನ ಯುದ್ಧದಿಂದ ಸೇನೆ ಯಾವಾಗ ಹಿಂದಿರುಗಬೇಕೆಂಬುದನ್ನು ರಣರಂಗಕ್ಕಿಂತ ರಾಜಧಾನಿಯ ಒಳಜಗಳವೇ ಹೆಚ್ಚಾಗಿ ತೀರ್ಮಾನಿಸುತ್ತದೆ ಎಂಬುದಕ್ಕೆ ಹದಿನೆಂಟನೆಯ ಶತಮಾನದ ಶಿರಾ ಮತ್ತು ಮಧುಗಿರಿಗಳ ಇತಿಹಾಸದಲ್ಲಿ ಸ್ಪಷ್ಟ ನಿದರ್ಶನವಿದೆ.

ಮೊಗಲರ ಸುಬಾದ, ಅಂದರೆ ಪ್ರಾಂತ್ಯದ, ಆಡಳಿತ ಕೇಂದ್ರವಾಗಿದ್ದ ಶಿರಾ 1761ರಲ್ಲಿ ಹೈದರಾಲಿಯ ವಶವಾಗಿತ್ತು. 1767ರಲ್ಲಿ ಪೇಶ್ವೆ ಮಾಧವರಾಯ ದಂಡೆತ್ತಿ ಬಂದಾಗ ಅಲ್ಲಿದ್ದ ಹೈದರನ ಭಾವಮೈದುನ ಮೀರ್ ಅಲಿ ರಜಾ ಖಾನ್ ಕೋಟೆಯನ್ನು ಒಪ್ಪಿಸಿ, ಗುರ್ರಂಕೊಂಡವನ್ನು ಜಹಗೀರಾಗಿ ಪಡೆದು ಪಕ್ಷ ಬದಲಿಸಿದನು. ಕೊರಟಗೆರೆ ಸೀಮೆಯ ಚನ್ನರಾಯನದುರ್ಗವೂ ಏಕಶಿಲೆಯ ಮಧುಗಿರಿಯೂ ಮರಾಠರ ಕೈಸೇರಿದವು. ಮಧುಗಿರಿಯ ಕೋಟೆಯಲ್ಲಿ ಹೈದರನ ಸೆರೆಯಾಳಾಗಿದ್ದ ಬಿದನೂರಿನ ರಾಣಿ ವೀರಮ್ಮಾಜಿಗೆ ಬಿಡುಗಡೆ ದೊರೆಯಿತಾದರೂ ಬಿದನೂರಿನ ಗದ್ದುಗೆ ದೊರೆಯಲಿಲ್ಲ, ಏಕೆಂದರೆ ಪೇಶ್ವೆಯು ಕಪ್ಪಹಣಕ್ಕೆ ಒಪ್ಪಿ ಅದೇ ಬೇಸಿಗೆಯಲ್ಲಿ ಹಿಂದಿರುಗಿದನು. ನಿಜಾಮನೂ ಇಂಗ್ಲಿಷರೂ ಪಾಲಿಗೆ ಬರುವ ಮೊದಲೇ ವ್ಯವಹಾರ ಮುಗಿಸುವ ಆತುರ ಅವನಿಗಿತ್ತು. ಜೊತೆಗೆ, ಅಧಿಕಾರಕ್ಕೆ ಹೊಂಚುಹಾಕುತ್ತಿದ್ದ ಚಿಕ್ಕಪ್ಪ ರಘುನಾಥರಾಯನ ಚಿಂತೆಯೂ ಇತ್ತು. 1768ರಲ್ಲಿ ಚಿಕ್ಕಪ್ಪನನ್ನು ಧೋಡಪ್‌ನಲ್ಲಿ ಸೋಲಿಸಿ ಪುಣೆಯ ಶನಿವಾರವಾಡೆಯಲ್ಲಿ ಕೂಡಿಹಾಕಿದ ಮೇಲೆಯೇ ಮಾಧವರಾಯ ಮತ್ತೆ ಕರ್ನಾಟಕದತ್ತ ಹೊರಟದ್ದು.

1772ರಲ್ಲಿ ಮಾಧವರಾಯ ತೀರಿಕೊಂಡನು. ಮರುವರ್ಷ ಆಗಸ್ಟ್ 30ರಂದು ಅವನ ತಮ್ಮ ನಾರಾಯಣರಾಯನ ಕೊಲೆಯಾಯಿತು. ಪೇಶ್ವೆಯಾದ ರಘುನಾಥರಾಯ ದಕ್ಷಿಣಕ್ಕೆ ದಂಡು ತಂದನಾದರೂ, ಬೆನ್ನ ಹಿಂದೆ ನಾನಾ ಫಡ್ನವೀಸ್ ಮೊದಲಾದ ಮುತ್ಸದ್ದಿಗಳು ಬಾರಾಭಾಯಿ ಎಂದು ಹೆಸರಾದ ಕೂಟ ಕಟ್ಟಿ, ಹತನಾದವನ ಗರ್ಭಿಣಿ ಪತ್ನಿ ಗಂಗಾಬಾಯಿಯ ಹೆಸರಿನಲ್ಲಿ ಆಡಳಿತ ಹಿಡಿಯಲು ಸಜ್ಜಾದರು. 1774ರ ಆರಂಭದಲ್ಲಿ, ಪಾವಗಡದಾಚೆಯ ಕಲ್ಯಾಣದುರ್ಗದಲ್ಲಿ, ತನ್ನನ್ನು ಪೇಶ್ವೆಯೆಂದು ಮಾನ್ಯ ಮಾಡಿದ ಹೈದರನಿಗೆ ರಘುನಾಥರಾಯ ಮಧುಗಿರಿ ಮೊದಲಾದ ಪ್ರದೇಶಗಳನ್ನು ಬಿಟ್ಟುಕೊಟ್ಟನು. ಇದನ್ನು ಶತ್ರುವಿನೊಡನೆ ಮಾಡಿಕೊಂಡ ಸಂಧಿ ಎನ್ನುವುದಕ್ಕಿಂತ ಪುಣೆಯ ಎದುರಾಳಿಗಳ ವಿರುದ್ಧ ಕೊಂಡ ಬೆಂಬಲ ಎನ್ನುವುದೇ ಸರಿ. ಬೆಲೆ ತೆತ್ತದ್ದು ಮಾತ್ರ ಅವನ ಮನೆಯ ಬೊಕ್ಕಸವಲ್ಲ. ಇತ್ತ ಶಿರಾವನ್ನೂ ಹೈದರನ ಮಗ ಟಿಪ್ಪು ಮುತ್ತಿ ಮರಳಿ ಪಡೆದನು.

ಅರಮನೆಯ ಜಾಗದಲ್ಲಿ ಚುನಾವಣೆ ಬಂದ ಕಾಲದಲ್ಲಿಯೂ ಈ ತರ್ಕ ಪೂರ್ತಿ ಬದಲಾಗಲಿಲ್ಲ. 1987ರಲ್ಲಿ ರಾಜೀವ್ ಗಾಂಧಿ ಶ್ರೀಲಂಕೆಗೆ ಕಳುಹಿಸಿದ ಶಾಂತಿಪಾಲನಾ ಪಡೆಯ ವಾಪಸಾತಿ, ಅಲ್ಲಿನ ಅಧ್ಯಕ್ಷ ಪ್ರೇಮದಾಸರ ಒತ್ತಾಯದಿಂದ 1989ರಲ್ಲೇ ಆರಂಭವಾಗಿದ್ದರೂ, ಪೂರ್ಣಗೊಂಡದ್ದು ವಿ.ಪಿ. ಸಿಂಗ್ ಸರ್ಕಾರ ಬಂದ ಮೇಲೆ, 1990ರ ಮಾರ್ಚ್‌ನಲ್ಲಿ. ಆ ಸರ್ಕಾರದ ರಾಷ್ಟ್ರೀಯ ರಂಗದಲ್ಲಿ ಡಿಎಂಕೆ ಪಾಲುದಾರ ಪಕ್ಷವಾಗಿತ್ತು; ಸಾವಿರಕ್ಕೂ ಹೆಚ್ಚು ಸಂಗಾತಿಗಳನ್ನು ಕಳೆದುಕೊಂಡು ಮದ್ರಾಸ್ ಬಂದರಿಗೆ ಬಂದಿಳಿದ ಸೈನಿಕರನ್ನು ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ.