ಮೊದಲು ಮುಗಿಸಿದವನ ಕೈಗೆ ಏನು ಕೊಡೋಣ?

ನಮ್ಮ ಮೊಮ್ಮಗ ವರ್ಗದಲ್ಲಿ ಎಲ್ಲರಿಗಿಂತ ಮೊದಲು ಲೆಕ್ಕ ಮುಗಿಸಿ, ಬೇಸತ್ತು, ಪಕ್ಕದವನೊಡನೆ ಮಾತಾಡಿ ಬೈಸಿಕೊಳ್ಳುತ್ತಿದ್ದ. ನಾವೂ ಹಾಗೆಯೇ ಇದ್ದೆವು. ನಮ್ಮನ್ನು ನೀರು ತರಲು ಕಳಿಸುತ್ತಿದ್ದರು. ಮೆಟ್ರಿಕ್‌ಗೇ ಓದಿನ ರುಚಿ ಕೆಟ್ಟು ತಕ್ಕಡಿ ಹಿಡಿದೆವು.

ಜಾಣನಿಗೆ ಅದೇ ಬಗೆಯ ಹತ್ತು ಲೆಕ್ಕ ಹೆಚ್ಚಿಗೆ ಕೊಟ್ಟರೆ ಅದು ಶಿಕ್ಷೆ. ಕಠಿಣವಾದದ್ದು ಒಂದೇ ಸಾಕು. ಗುರುಗಳೊಬ್ಬರೇ, ವರ್ಗಗಳೆರಡು. ಆದ್ದರಿಂದ 9ನೆಯ ಶತಮಾನದ ಮಹಾವೀರಾಚಾರ್ಯರ ಮಾವಿನ ಲೆಕ್ಕವನ್ನು ನಾವೇ ಬರೆದುಕೊಟ್ಟೆವು: ರಾಜ ಆರರಲ್ಲೊಂದು ಪಾಲು, ಉಳಿದುದರಲ್ಲಿ ರಾಣಿ ಐದರಲ್ಲೊಂದು, ಹೀಗೆಯೇ ಉಳಿಯುತ್ತ ಹೋದುದರಲ್ಲಿ ಮೂವರು ಕುಮಾರರು ನಾಲ್ಕರಲ್ಲೊಂದು, ಮೂರರಲ್ಲೊಂದು, ಎರಡರಲ್ಲೊಂದು ಪಾಲು ತೆಗೆದುಕೊಂಡರು. ಕಿರಿಯವನಿಗೆ 3 ಹಣ್ಣು ಉಳಿದವು. ಒಟ್ಟು ಎಷ್ಟು?

ಹುಡುಗ ಕೊನೆಯಿಂದ ಹಿಂದಕ್ಕೆ ಎಣಿಸುತ್ತ ಹೋಗಿ 18 ಎಂದ. ಗುರುಗಳು ಅವನನ್ನು ಹಲಗೆಯ ಬಳಿ ಕರೆದು, ಹೇಗೆ ಬಿಡಿಸಿದೆಯೆಂದು ಎಲ್ಲರಿಗೂ ಹೇಳಿಸಿದರಂತೆ. ಅಂದಿನಿಂದ ಬೈಗುಳವಿಲ್ಲ.

ತಂದೆತಾಯಿಗಳೇ, ಶಾಲೆಗೆ ದೂರು ಒಯ್ಯುವ ಬದಲು ಒಂದು ಲೆಕ್ಕ ಒಯ್ಯಿರಿ.